ಮಿಶ್ರ ಕಾಡಿನ ಏಳು ಸಾಲುಗಳಿಗೆ ವ್ಯಾಖ್ಯಾನ

ಕಾಡಿಗೆ ಬಂದವರು ದೊಡ್ಡ ಮರದ ಬೊಡ್ಡೆ ಮುಟ್ಟಿ ಮೊದಲು ಕೇಳುವುದು, "ಇದಕ್ಕೆ ಎಷ್ಟು ವರ್ಷ ಆಗಿರಬಹುದು?" ಎಂದು. ದಪ್ಪ ನೋಡಿ ವಯಸ್ಸು ಹೇಳುವುದು ನೆಡುತೋಪಿನಲ್ಲಿ ಒಂದಿಷ್ಟು ನಡೆದೀತು. ಹತ್ತಾರು ಜಾತಿ ಕಲೆತು ಬೆಳೆದ ಕಾಡಿನಲ್ಲಿ ನಡೆಯುವುದಿಲ್ಲ. ಯಾಕೆಂದು ವಿವರಿಸಲು ಏಳು ಸಾಲು ಬರೆದುಕೊಂಡಿದ್ದೇನೆ. ಕಣ್ಣ ಮುಂದೆ ಇಟ್ಟುಕೊಂಡಿರುವುದು ಮುಖ್ಯವಾಗಿ ಬಂಡೀಪುರಕ್ಕೆ ಅಂಟಿಕೊಂಡಿರುವ, ತಮಿಳುನಾಡಿನ ಮುದುಮಲೈ ಕಾಡನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಅಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿ, ಒಂದು ಸೆಂಟಿಮೀಟರ್ ವ್ಯಾಸ ಮುಟ್ಟಿದ ಪ್ರತಿ ಗಿಡವನ್ನೂ ಲೆಕ್ಕಕ್ಕೆ ತಂದರು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಕಾಂಡಗಳು. ಸತ್ತದ್ದೆಷ್ಟು, ಹೊಸದಾಗಿ ಬಂದದ್ದೆಷ್ಟು ಎಂದು ವರ್ಷವರ್ಷವೂ ನೋಡುತ್ತಾರೆ. ದಪ್ಪವನ್ನು ನಾಲ್ಕು ವರ್ಷಕ್ಕೊಮ್ಮೆ ಅಳೆಯುತ್ತಾರೆ.

1. ಒಂದೇ ಮಳೆಗೆ ಮೊಳೆತ ಎರಡು ಮತ್ತಿ ಒಂದೇ ದಪ್ಪಕ್ಕೆ ಬರುವುದಿಲ್ಲ.

ಇಲ್ಲಿ 'ಮತ್ತಿ' ಎಂದದ್ದು ಹೊಳೆಮತ್ತಿಯನ್ನಲ್ಲ, ಒಣಕಾಡಿನ ಕರಿಮತ್ತಿಯನ್ನು. ಮೊಸಳೆಯ ಬೆನ್ನಿನಂಥ ತೊಗಟೆಯದು. ಜಾತಿ ಯಾವುದೆಂದು ಗೊತ್ತಾದರೆ ಬೆಳವಣಿಗೆಯ ಮೇಲಿನ ಮಿತಿ ಎಷ್ಟಿರಬಹುದೆಂದು ಅಂದಾಜು ಸಿಗುತ್ತದೆ, ಅಷ್ಟೇ. ಮಿತಿಯೊಳಗೆ ಒಂದು ಮರ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅದು ಬೇರೂರಿದ ಜಾಗ, ಅದರ ನೆರೆ, ಅದಕ್ಕೆ ಬಿದ್ದ ಪೆಟ್ಟುಗಳು ನಿರ್ಧರಿಸುತ್ತವೆ.

'ದಪ್ಪ' ಎಂಬ ಅಳತೆಯನ್ನೂ ಎಚ್ಚರದಿಂದ ಓದಬೇಕು. 20 ಸೆಂಟಿಮೀಟರ್ ವ್ಯಾಸದ ಮರವೊಂದು, 60 ಸೆಂಟಿಮೀಟರ್ ವ್ಯಾಸದ ಮರವೊಂದು ಒಂದೇ ವರ್ಷದಲ್ಲಿ ಸುತ್ತಲೂ ಎರಡೆರಡು ಮಿಲಿಮೀಟರ್ ಹೊಸ ಪದರ ಕಟ್ಟಿದವು ಎನ್ನಿ. ಕಾಂಡವನ್ನು ಅಡ್ಡ ಕೊಯ್ದು ನೋಡಿದರೆ ಸಣ್ಣ ಮರ ಸೇರಿಸಿದ್ದು ಸುಮಾರು 12.7 ಚದರ ಸೆಂಟಿಮೀಟರ್, ದೊಡ್ಡದು 37.8. ಟೇಪಿನಲ್ಲಿ ಎರಡೂ ಒಂದೇ ವೇಗ ತೋರಿಸುತ್ತವೆ. ಕಟ್ಟಿದ ಮರಮುಟ್ಟು ಮಾತ್ರ ಒಂದಕ್ಕೆ ಮೂರು ಪಟ್ಟು. ಹಳೆಯ ಮರ ಬೆಳೆಯುವುದನ್ನು ನಿಲ್ಲಿಸಿದೆ, ಇನ್ನು ಕಡಿಯಬಹುದು ಎಂಬ ವಾದ ಎಷ್ಟೋ ಸಲ ಈ ಲೆಕ್ಕವನ್ನೇ ಮಾಡದೆ ಹುಟ್ಟಿದ್ದು.

2. ಮಳೆಯಲ್ಲಿ ಹಿಗ್ಗು, ಬೇಸಿಗೆಯಲ್ಲಿ ಕುಗ್ಗು.

ಇದು ಕಣ್ಣಾರೆ ನೋಡಬಹುದಾದ ಸಂಗತಿ. ಕಾಂಡದ ಸುತ್ತ ತೆಳು ಲೋಹದ ಪಟ್ಟಿ ಸುತ್ತಿ, ಎರಡು ತುದಿಗಳನ್ನೂ ಸಣ್ಣ ಸ್ಪ್ರಿಂಗಿನಿಂದ ಕೂಡಿಸಿರುತ್ತಾರೆ. ಪಟ್ಟಿಯ ಮೇಲೆ ಗೀರಿದ ಗುರುತು ಮರ ಹಿಗ್ಗಿದಂತೆಲ್ಲ ಸರಿಯುತ್ತದೆ. ತಿಂಗಳಿಗೊಮ್ಮೆ ಹೋಗಿ ಅದು ಎಷ್ಟು ಸರಿದಿದೆ ಎಂದು ಅಳೆದು ಬರೆದುಕೊಳ್ಳುವುದು ಕೆಲಸ. ಆಷಾಢ, ಶ್ರಾವಣದಲ್ಲಿ ಗುರುತು ಮುಂದೆ ಹೋಗುತ್ತದೆ. ಮಾಘ ಕಳೆದು ಎಲೆ ಉದುರಿದ ಮೇಲೆ ಹಿಂದಕ್ಕೇ ಬರುತ್ತದೆ. ಮರ ಸಣ್ಣದಾಯಿತೇ? ಮರದ ಗಟ್ಟಿ ಭಾಗ ಸಣ್ಣದಾಗಿಲ್ಲ. ತೊಗಟೆ ಮತ್ತು ಅದರ ಒಳಗಿನ ಜೀವಂತ ಪದರ ನೀರು ಕಳೆದುಕೊಂಡು ಬಿಗಿದಿವೆ, ಅಷ್ಟೇ. ಮೊದಲ ಮಳೆ ಬಿದ್ದೊಡನೆ ಗುರುತು ದಿಢೀರನೆ ಮುಂದೆ ಜಿಗಿಯುವುದೂ ಬೆಳವಣಿಗೆಯಲ್ಲ, ಕಳೆದುಕೊಂಡ ನೀರು ಮರಳಿದ್ದು.

ನಿಜವಾದ ಬೆಳವಣಿಗೆ ನಡೆಯುವುದು ತೊಗಟೆಗೂ ಮರಕ್ಕೂ ನಡುವೆ ಇರುವ ಕೇಂಬಿಯಂ ಎಂಬ ತೆಳು ಪದರದಲ್ಲಿ. ಅಲ್ಲಿ ಹುಟ್ಟಿದ ಜೀವಕೋಶ ಒಳಗಿನ ನೀರಿನ ಒತ್ತಡದಿಂದಲೇ ಉಬ್ಬಿ ದೊಡ್ಡದಾಗಬೇಕು. ಹಾಗಾಗಿ ನೆಲದಲ್ಲಿ ಪಸೆ ಇಳಿಯುತ್ತಿದ್ದಂತೆ ಎಲೆ ಇನ್ನೂ ಆಹಾರ ತಯಾರಿಸುತ್ತಿದ್ದರೂ ಕಾಂಡ ದಪ್ಪವಾಗುವುದು ನಿಂತುಬಿಡುತ್ತದೆ. ಬರಗಾಲದಲ್ಲಿ ಹಸಿರಾಗಿಯೇ ಕಾಣುವ ಮರ ಒಂದಿನಿತೂ ಬೆಳೆದಿರದಿರುವುದು ಇದರಿಂದ.

ಮುದುಮಲೈಗೆ ಮುಂಗಾರು, ಹಿಂಗಾರು ಎರಡೂ ತಲುಪುತ್ತವೆ. ಹೀಗಾಗಿ ವರ್ಷದ ಒಟ್ಟು ಮಳೆಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ: ಪಸೆ ಎಷ್ಟು ತಿಂಗಳು ಉಳಿಯಿತು? ಭರಣಿ ಮಳೆ ಹದವಾಗಿ ಬಂದು, ಸ್ವಾತಿಯವರೆಗೂ ಬಿಟ್ಟುಬಿಟ್ಟು ಸುರಿದ ವರ್ಷ ಮರಗಳ ಪಾಲಿಗೆ ದೊಡ್ಡ ವರ್ಷ. ಅಷ್ಟೇ ಮಳೆ ಎರಡೇ ತಿಂಗಳಲ್ಲಿ ಸುರಿದು ಹಳ್ಳಕ್ಕೆ ಹರಿದುಹೋದರೆ ಫಲ ಕಡಿಮೆ. ತಗ್ಗಿನಲ್ಲಿ, ಆಳ ಮಣ್ಣಿನಲ್ಲಿ ನಿಂತ ಮರಕ್ಕೆ ಪಸೆಯ ದಿನಗಳು ಹೆಚ್ಚು. ದಿಬ್ಬದ ಕಲ್ಲುನೆಲದ್ದಕ್ಕೆ ಕಡಿಮೆ. ಈ ಏರಿಳಿತವನ್ನು ತೇಗ ತನ್ನ ಉಂಗುರಗಳಲ್ಲಿ ಸ್ಪಷ್ಟವಾಗಿ ಬರೆದಿಡುವುದರಿಂದಲೇ ಹಿಂದಿನ ಕಾಲದ ಮಳೆಯನ್ನು ಊಹಿಸಲು ವಿಜ್ಞಾನಿಗಳು ಅದರ ಮೊರೆ ಹೋಗುತ್ತಾರೆ.

3. ಬೆಳಕು ನೆತ್ತಿಗೆ ಬೀಳಬೇಕು.

'ನೆತ್ತಿಗೆ' ಎಂಬುದರ ಮೇಲೆ ಒತ್ತು. ಡಾಕಿನ್ಸ್ ಎಂಬ ಅರಣ್ಯತಜ್ಞರು 1958ರಲ್ಲಿ ಮರದ ಹಂದರಕ್ಕೆ ಬೀಳುವ ಬೆಳಕನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ನೇರ ಬಿಸಿಲೇ ಸಿಗದ್ದು ಒಂದನೆಯದು. ಪಕ್ಕದಿಂದ ಮಾತ್ರ ಬೀಳುವುದು ಎರಡನೆಯದು. ನೆತ್ತಿಯ ಒಂದು ಪಾಲಿಗೆ ಬೀಳುವುದು ಮೂರನೆಯದು. ಇಡೀ ನೆತ್ತಿಗೆ ಬೀಳುವುದು ನಾಲ್ಕನೆಯದು. ನೆತ್ತಿ, ಪಕ್ಕ ಎಲ್ಲ ತೆರೆದು ಮುಗಿಲಿಗೆ ಮುಖ ಮಾಡಿದ್ದು ಐದನೆಯದು. ಕೆಳಗೆ ನಿಂತು ಕತ್ತೆತ್ತಿ ನೋಡಿ ಅಂಕ ಕೊಡುವ ಈ ಸರಳ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಬೇಸಿಗೆಯಲ್ಲಿ ಎಲೆ ಉದುರಿಸಿ ತೆರೆದುಕೊಳ್ಳುವ ಮುದುಮಲೈಯಲ್ಲಿ ನೀರೇ ದೊಡ್ಡ ಯಜಮಾನ. ಬೆಳಕಿನ ಆಳ್ವಿಕೆ ನೋಡಬೇಕಾದರೆ ಕೊಡಗಿನ ಉಪ್ಪಂಗಳಕ್ಕೆ ಹೋಗಬೇಕು. ಅದು ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು ಮೂರು ದಶಕಗಳಿಂದ ಅಳೆಯುತ್ತ ಬಂದ ನಿತ್ಯಹರಿದ್ವರ್ಣ ಕಾಡು. ವರ್ಷಕ್ಕೆ 5000 ಮಿಲಿಮೀಟರಿನಷ್ಟು ಮಳೆ. ಅಲ್ಲಿ ಧೂಪದ ಸಸಿಗಳು ತಾಯಿಮರದ ನೆರಳಲ್ಲೇ ಮೊಳೆತು, ಬೆರಳ ದಪ್ಪಕ್ಕೆ ಬಂದು, ವರ್ಷಾನುಗಟ್ಟಲೆ ಹಾಗೇ ನಿಂತಿರಬಲ್ಲವು. ಮೇಲಿನ ಮರವೊಂದು ಗಾಳಿಗೆ ಉರುಳಿ ಹಂದರ ತೆರೆದ ಮೇಲೆ ಎದ್ದು ಹೊರಡುತ್ತವೆ. ಇಂಥ ಮರದ ಬದುಕಿನಲ್ಲಿ ನಿಧಾನದ ಕಾಲ ಒಂದು, ವೇಗದ ಕಾಲ ಒಂದು. ಸರಾಸರಿ ತೆಗೆದರೆ ಸಿಗುವ ಅಂಕಿ ಅದು ಯಾವತ್ತೂ ಬೆಳೆಯದ ವೇಗದ್ದು.

4. ನೆರೆಮರ ಕಸಿಯುತ್ತದೆ, ಕಾಯುತ್ತದೆ ಕೂಡ.

ಕಸಿಯುವ ಮಾತು ಎಲ್ಲರಿಗೂ ಗೊತ್ತು. ಒಂದು ಮರದ ಸುತ್ತ ಇಂತಿಷ್ಟು ದೂರದೊಳಗಿನ ಮರಗಳ ದಪ್ಪವನ್ನು ಅವುಗಳ ದೂರದಿಂದ ಭಾಗಿಸಿ ಕೂಡಿದರೆ ಪೈಪೋಟಿಯ ಒಂದು ಅಳತೆ ಸಿಗುತ್ತದೆ: ಹತ್ತಿರದ ದೊಡ್ಡ ಮರದ ಭಾರ ಹೆಚ್ಚು, ದೂರದ ಸಣ್ಣದರದ್ದು ಕಡಿಮೆ.

ಕಾಯುವ ಮಾತಿಗೆ ಹೆಚ್ಚು ವಿವರಣೆ ಬೇಕು. ಒಂದೇ ಜಾತಿಯ ಮರಗಳು ಒತ್ತೊತ್ತಾಗಿ ನಿಂತರೆ ಆ ಜಾತಿಯನ್ನೇ ತಿನ್ನುವ ಹುಳ, ಆ ಜಾತಿಗೇ ತಗಲುವ ರೋಗ ಮರದಿಂದ ಮರಕ್ಕೆ ಸುಲಭವಾಗಿ ದಾಟುತ್ತವೆ; ನಡುವೆ ಬೇರೆ ಜಾತಿಯ ಮರಗಳಿದ್ದರೆ ಅಷ್ಟು ಸುಲಭವಲ್ಲ. ಇದನ್ನು ಪರಿಸರ ವಿಜ್ಞಾನಿಗಳಾದ ಜಾನ್‌ಜನ್ 1970ರಲ್ಲಿ, ಕಾನೆಲ್ 1971ರಲ್ಲಿ ಬೇರೆಬೇರೆಯಾಗಿ ಹೇಳಿದರು. ನಮ್ಮ ಪಕ್ಕದ ಉದಾಹರಣೆ ಕೇರಳದ ನಿಲಂಬೂರಿನದು. ಹೊಸ ಚಿಗುರು ಬಂದ ಹೊತ್ತಿಗೆ ಸರಿಯಾಗಿ ಮುಗಿಬೀಳುವ ಎಲೆತಿನ್ನುವ ಹುಳು ತೇಗದ ಎಳೆ ನೆಡುತೋಪುಗಳಲ್ಲಿ ಆಗಬೇಕಾದ ಮರಮುಟ್ಟಿನ ಬೆಳವಣಿಗೆಯಲ್ಲಿ ಶೇ. 44ರಷ್ಟನ್ನು ತಿಂದುಹಾಕುತ್ತದೆ ಎಂದು ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ತೋರಿಸಿದರು. ಮಣ್ಣು ಒಳ್ಳೆಯದು, ಮಳೆ ಒಳ್ಳೆಯದು, ಆದರೂ ಹತ್ತಿರ ಹತ್ತಿರ ಅರ್ಧ ಹೋಯಿತು.

ಇನ್ನು ಬೀಟೆ, ಹೊನ್ನೆಯಂಥ ಮರಗಳು ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡು ಗಾಳಿಯ ಸಾರಜನಕವನ್ನು ನೆಲಕ್ಕೆ ತರುತ್ತವೆ. ಉದುರಿದ ಎಲೆಯ ಮೂಲಕ ಅದು ನೆರೆಗೂ ಸಲ್ಲುತ್ತದೆ. ಆದರೆ ಎಲ್ಲ ಬೆರಕೆಯೂ ಲಾಭವೇ ಎಂದು ನಾನು ಹೇಳಲಾರೆ. ಬೇರುಗಳು ಬೇರೆಬೇರೆ ಆಳಕ್ಕೆ ಇಳಿದಾಗ, ಹಂದರಗಳು ಬೇರೆಬೇರೆ ಎತ್ತರದಲ್ಲಿ ಹರಡಿದಾಗ ಬೆರಕೆ ಗೆಲ್ಲುತ್ತದೆ. ಎಲ್ಲವೂ ಒಂದೇ ಪದರದ ನೀರಿಗೆ ಬಾಯಿ ಹಾಕಿದರೆ ಜಾತಿ ಎಷ್ಟಿದ್ದರೂ ಪೈಪೋಟಿ ತಪ್ಪದು.

5. ಹಗುರ ಮರ ಬೇಗ, ಭಾರದ ಮರ ತಡ.

ಬೂರುಗದ ಮರ ಹಗುರ, ದಿಂಡಿಗದ್ದು ಕಬ್ಬಿಣದಂತೆ. ಅಷ್ಟೇ ಆಹಾರದಲ್ಲಿ ಹಗುರ ಮರ ಹೆಚ್ಚು ದಪ್ಪವಾಗಬಲ್ಲದು, ಆದರೆ ಮುರಿಯುವ, ಕೊಳೆಯುವ ಅಪಾಯವೂ ಹೆಚ್ಚು. ತಡವಾಗಿ ಬೆಳೆಯುವುದನ್ನು ಬಡತನವೆಂದು ತಿಳಿದು ಬೇಗ ಬರುವ ಜಾತಿಗಳನ್ನಷ್ಟೇ ನೆಟ್ಟು ಕಾಡು ಮಾಡಿದೆವೆನ್ನುವುದು ನನಗೆ ನೋವಿನ ವಿಷಯ.

6. ಬೆಂಕಿ ಬಿದ್ದ ಸಸಿಯ ವಯಸ್ಸು ಬೇರಿನಲ್ಲಿರುತ್ತದೆ.

ಒಣಕಾಡಿನಲ್ಲಿ ಬೇಸಿಗೆಯ ಬೆಂಕಿ ಹುಲ್ಲಿನ ಮಟ್ಟದಲ್ಲಿ ಓಡುತ್ತದೆ. ದಪ್ಪ ತೊಗಟೆಯ ದೊಡ್ಡ ಮರ ತಾಳಿಕೊಳ್ಳುತ್ತದೆ. ಸಣ್ಣ ಕಾಂಡ ನೆಲದವರೆಗೆ ಸುಟ್ಟು ಸಾಯುತ್ತದೆ. ಬೇರು ಮಾತ್ರ ಬದುಕಿದ್ದು ಮಳೆಗೆ ಮತ್ತೆ ಚಿಗುರುತ್ತದೆ. ಹೀಗೆ ಹಲವು ಬೇಸಿಗೆ ಸುಟ್ಟು ಹಲವು ಮಳೆಗೆ ಚಿಗುರಿದ ತೇಗದ 'ಸಸಿ'ಯ ಬುಡವನ್ನು ಅಗೆದು ನೋಡಿದರೆ ಮೇಲಿನ ಕಡ್ಡಿಗೆ ತಾಳೆಯಾಗದಷ್ಟು ದಪ್ಪ ಬೇರುಗಡ್ಡೆ ಇರುತ್ತದೆ. ನಡುವೆ ಕೆಲವು ವರ್ಷ ಬೆಂಕಿ ತಪ್ಪಿದರೆ ಆ ಗಡ್ಡೆಯ ಬಲದಲ್ಲಿ ಕಾಂಡ ಸರಸರನೆ ಮೇಲೇರಿ ಅಪಾಯದ ಎತ್ತರ ದಾಟುತ್ತದೆ. ಆ ಬಿಡುವು ಸಿಗದಿದ್ದರೆ ದೊಡ್ಡ ಮರಗಳಿರುತ್ತವೆ, ಅವುಗಳ ಜಾಗ ತುಂಬುವ ನಡುಪ್ರಾಯದವು ಇರುವುದಿಲ್ಲ.

ಆನೆಯದು ಬೇರೆ ಬಗೆ. ಮುದುಮಲೈಯಲ್ಲಿ ಅದು ಬೆಂಡೆಮರವನ್ನು ಹುಡುಕಿ ಹುಡುಕಿ ಮುರಿದು, ತೊಗಟೆ ಸುಲಿದು ತಿನ್ನುತ್ತದೆ. ಅಳತೆ ಶುರುವಾದ ಮೇಲೆ ಆ ಜಾತಿಯ ಸಂಖ್ಯೆ ಬಹಳ ಕುಸಿಯಿತು. ಬೇಗ ಬೆಳೆಯಬಲ್ಲ ಜಾತಿಯೇ ಆದರೂ ತಿನ್ನುವವರು ಅದಕ್ಕೆ ಬೆಳೆಯಲು ಬಿಡುವು ಕೊಡಲಿಲ್ಲ.

7. ಅಳೆದಲ್ಲೇ ಅಳೆಯಬೇಕು.

ನೆಲದಿಂದ 1.3 ಮೀಟರ್ ಎತ್ತರದಲ್ಲಿ ಬಣ್ಣದ ಗೆರೆ ಎಳೆದು ಅಲ್ಲೇ ಟೇಪು ಹಿಡಿಯುವುದು ರೂಢಿ. ಗೆರೆಗಿಂತ ನಾಲ್ಕು ಬೆರಳು ಕೆಳಗೆ ಹಿಡಿದರೆ ಇಲ್ಲದ ಬೆಳವಣಿಗೆ ಬಂದುಬಿಡುತ್ತದೆ. ನಂದಿಮರದ ನುಣುಪು ತೊಗಟೆ ಹಾಳೆಹಾಳೆಯಾಗಿ ಕಳಚುತ್ತದೆ. ಕಳಚಿದ ಮಾರನೆಯ ದಿನ ಅಳೆದರೆ ಮರ ಕುಗ್ಗಿದಂತೆ ಕಾಣುತ್ತದೆ. ಒಂದು ಸಲ ಮಳೆಗಾಲದಲ್ಲಿ, ಇನ್ನೊಂದು ಸಲ ಬೇಸಿಗೆಯಲ್ಲಿ ಅಳೆದರೂ ಇದೇ ಪಾಡು. ಹೀಗೆ ಬರುವ ಋಣ ಅಂಕಿಗಳನ್ನು ತಪ್ಪೆಂದು ಹೊಡೆದುಹಾಕುವ ಚಪಲ ಲೆಕ್ಕ ಮಾಡುವವರಿಗೆ ಇದ್ದೇ ಇರುತ್ತದೆ. ಹಾಗೆ ಮಾಡಿದರೆ ಕಾಡಿನ ಸರಾಸರಿ ವೇಗ ಸುಳ್ಳಾಗಿ ಏರುತ್ತದೆ. ಕಡಿಮೆಯ ಕಡೆಗೆ ಆದ ತಪ್ಪು ಋಣವಾಗಿ ಕಣ್ಣಿಗೆ ಬಿದ್ದು ಹೊರಗೆ ಹೋಗುತ್ತದೆ. ಹೆಚ್ಚಿನ ಕಡೆಗೆ ಆದ ಅಷ್ಟೇ ದೊಡ್ಡ ತಪ್ಪು ಒಳ್ಳೆಯ ಬೆಳವಣಿಗೆಯ ವೇಷದಲ್ಲಿ ಪಟ್ಟಿಯಲ್ಲೇ ಉಳಿಯುತ್ತದೆ.