ಪರಂಗಿ ತೋಟದ ಗಂಡುಗಿಡ

ರಾವಂದೂರು ಸೀಮೆಯ ರೈತರಿಗೆ ಬೀಜ ಆರಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ರಾಗಿಯಲ್ಲಿ ತುಂಬಿದ ತೆನೆ ನೋಡಿ ಬಿತ್ತನೆಗೆ ಎತ್ತಿಡುತ್ತಾರೆ. ಹೊಗೆಸೊಪ್ಪಿನಲ್ಲಿ ಕುಡಿ ಮುರಿಯದೆ ಬಿಟ್ಟ ಗಿಡ ಮಾತ್ರ ಬೀಜ ಕೊಡುತ್ತದೆಂದು ಬಲ್ಲರು. ಎರಡರಲ್ಲೂ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ತಾಯಿಯನ್ನು ಆರಿಸಿದರೆ ತಂದೆಯನ್ನೂ ಆರಿಸಿದಂತೆಯೇ. ಈ ರೂಢಿ ನಾಟಿ ಪರಂಗಿಗೆ ಒಗ್ಗುವುದಿಲ್ಲ.

ಅಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಗುಂಡಿಗೆ ಮೂರ್ನಾಲ್ಕು ಸಸಿ ನೆಟ್ಟು, ಉದ್ದ ತೊಟ್ಟಿನಲ್ಲಿ ಹೂಗೊಂಚಲು ಇಳಿಬಿಟ್ಟ ಗಂಡುಗಳನ್ನು ಕಿತ್ತು, ಹತ್ತು ಹೆಣ್ಣಿಗೆ ಒಂದು ಗಂಡು ಉಳಿಸಬೇಕೆಂಬುದು ಶಿಫಾರಸು. ಎಷ್ಟು ಉಳಿಸಬೇಕೆಂಬ ಲೆಕ್ಕವಿದೆ. ಯಾವುದನ್ನು ಎಂಬ ವಿಚಾರವೇ ಇಲ್ಲ. ಬೇಲಿ ಬದಿಯಲ್ಲಿ ಹೇಗೋ ಉಳಿದದ್ದೇ ಇಡೀ ತೋಟಕ್ಕೆ ಅಪ್ಪ. ಸಿಹಿ ಹಣ್ಣಿನ ಬೀಜವನ್ನು ಬೂದಿಯಲ್ಲಿ ಉಜ್ಜಿ ಒಣಗಿಸಿ ಜೋಪಾನ ಮಾಡಿದರೂ ಅದರ ಅರ್ಧ ಗುಣ ಯಾರೂ ತಿರುಗಿ ನೋಡದ ಆ ಗಿಡದ್ದು. ಮುಂದಿನ ಬೆಳೆ ಸಪ್ಪೆಯಾದರೆ ಮಣ್ಣನ್ನು ಬೈಯುವುದು ಅನ್ಯಾಯ.

ಗಂಡುಗಿಡದ ಮೇಲೆ ಕಣ್ಣಿಟ್ಟವರೂ ಇದ್ದರು. ಬ್ರಿಟಿಷರ ಕಾಲದಲ್ಲಿ ಬಂಗಾಳದ ನವಗಾಂವ್‌ನ ಗಾಂಜಾ ಹೊಲಗಳಲ್ಲಿ ಗಂಡುಗಿಡ ಗುರುತಿಸಿ ಕೀಳಲೆಂದೇ ಪರಿಣತರಿದ್ದರು. ಗಾಂಜಾ ಬಗ್ಗೆ ವಿಚಾರಣೆ ನಡೆಸಿದ 1893–94ರ ಆಯೋಗ ಅದನ್ನು ದಾಖಲಿಸಿದೆ. ಹೆಣ್ಣುಹೂವಿನಲ್ಲಿ ಬೀಜ ಕಟ್ಟಬಾರದೆಂಬ ಆ ಬೆಳೆಗೆ ಅದು ಸರಿ. ಬೀಜ ಉಳಿಸಿಕೊಳ್ಳುವವನಿಗೆ ಕೀಳುವ ಕಣ್ಣಷ್ಟೇ ಸಾಲದು.

ಹಣ್ಣೇ ಬಿಡದ ಗಿಡವನ್ನು ಅಳೆಯುವುದು ಹೇಗೆ? ಕಾಂಡದ ದಪ್ಪ, ಗೆಣ್ಣುಗಳ ಅಂತರ, ಮೊದಲ ಹೂ ಬಂದ ಎತ್ತರ, ಉಂಗುರ ಚುಕ್ಕೆ ನಂಜನ್ನು ತಡೆದುಕೊಂಡ ಬಗೆ: ಇಷ್ಟು ಕಣ್ಣಿಗೆ ಕಾಣುತ್ತದೆ. ರುಚಿ ಗೊತ್ತಾಗುವುದು ಅದರ ಹೆಣ್ಣುಮಕ್ಕಳಿಂದಲೇ. ಹೆಣ್ಣುಮೊಗ್ಗು ಅರಳುವ ಮುನ್ನ ಚೀಲ ಕಟ್ಟಿ, ಅರಳಿದಾಗ ಆರಿಸಿದ ಗಂಡಿನ ಪರಾಗ ಸವರಿ, ಮತ್ತೆ ಕಟ್ಟಿ ಗುರುತು ಹಾಕಬೇಕು. ಆ ಬೀಜದ ಗಿಡಗಳು ಹಣ್ಣು ಕೊಡುವವರೆಗೂ ಎರಡು ಮೂರು ಗಂಡುಗಳನ್ನು ಕಡಿಯದೆ ಕಾಯಬೇಕು. ಪರಂಗಿ ಕೆಲವು ವರ್ಷ ಬಾಳುವುದರಿಂದ ಇದು ಆಗದ ಮಾತಲ್ಲ.

ಗಂಡುಗಿಡದ ಗೊಡವೆಯೇ ಬೇಡವೆಂದು ತೈವಾನಿನ ರೆಡ್ ಲೇಡಿ ತಳಿ ಹಾಕುವವರಿದ್ದಾರೆ. ಇಳುವರಿ ಒಳ್ಳೆಯದೇ, ಆದರೆ ಹೈಬ್ರಿಡ್ ಆದ್ದರಿಂದ ಪ್ರತಿಸಲ ಹೊಸ ಬೀಜ ಕೊಳ್ಳಬೇಕು. ಪಕ್ಕದ ಕೊಡಗಿನ ಚೆಟ್ಟಳ್ಳಿ ತೋಟಗಾರಿಕಾ ಪ್ರಯೋಗ ಕೇಂದ್ರದ ಕೂರ್ಗ್ ಹನಿಡ್ಯೂ ತಳಿ ಹೈಬ್ರಿಡ್ ಅಲ್ಲ. ಅದರ ದ್ವಿಲಿಂಗಿ ಹೂವಿಗೆ ಚೀಲ ಕಟ್ಟಿ ರೈತರೇ ಬೀಜ ಮಾಡಿಕೊಳ್ಳಬಹುದು. ನನಗೆ ಅದೇ ಮೇಲೆನಿಸುತ್ತದೆ. ಚೀಲ ಕಟ್ಟದಿದ್ದರೆ ಮಾತ್ರ ಪಕ್ಕದ ಹೊಲದ ನಾಟಿ ಗಂಡಿನ ಪರಾಗ ಅದಕ್ಕೂ ಬಂದು ಸೇರುತ್ತದೆ.