‘ಪ್ಯಾಂಡಿಮೋನಿಯಮ್’ ಶಬ್ದದ ಅರ್ಥಪಲ್ಲಟ

ಸಭೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ ಕೋಲಾಹಲವೆದ್ದರೆ ಇಂಗ್ಲಿಷ್ ಬಲ್ಲವರು ಅದನ್ನು ‘ಪ್ಯಾಂಡಿಮೋನಿಯಮ್’ ಎನ್ನುವರು. ಈ ಶಬ್ದವು ಜನರ ಆಡುಮಾತಿನಲ್ಲಿ ಹುಟ್ಟಿದುದಲ್ಲ. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯಕ್ಕಾಗಿ ಮಿಲ್ಟನ್ ಕವಿಯು ತಾನೇ ನಿರ್ಮಿಸಿದುದು. ಗ್ರೀಕ್ ಭಾಷೆಯಲ್ಲಿ ‘ಪಾನ್’ ಎಂದರೆ ಸರ್ವ. ‘ದೈಮೋನ್’ ಎಂದರೆ ದೇವತೆ ಅಥವಾ ಭೂತ. ಇವೆರಡನ್ನೂ ಕೂಡಿಸಿ, ನರಕದಲ್ಲಿ ಎದ್ದ ಸೈತಾನನ ರಾಜಧಾನಿಗೆ ಕವಿಯು ಈ ಹೆಸರನ್ನಿಟ್ಟನು.

ಆ ರಾಜಧಾನಿಯಾದರೋ ಅವ್ಯವಸ್ಥೆಯ ಬೀಡಲ್ಲ. ಪತಿತ ದೇವದೂತರು ನೆಲವನ್ನಗೆದು, ಚಿನ್ನವನ್ನು ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಇಂಪಾದ ಸಂಗೀತದೊಡನೆ ಸ್ತಂಭಗಳೂ ಹೊನ್ನಿನ ಛಾವಣಿಯೂ ಮೇಲೇಳುತ್ತವೆ. ಎರಡನೆಯ ಸರ್ಗದಲ್ಲಿ ಅಲ್ಲಿ ಸಭೆ ಸೇರುತ್ತದೆ. ಮೋಲಾಕನು ಯುದ್ಧವೇ ಸರಿಯೆನ್ನುತ್ತಾನೆ. ಬೀಲಿಯಲನು ಸುಮ್ಮನಿರುವುದೇ ಲೇಸೆನ್ನುತ್ತಾನೆ. ಮ್ಯಾಮನನು ನರಕದಲ್ಲಿಯೇ ಸಾಮ್ರಾಜ್ಯವನ್ನು ಕಟ್ಟೋಣವೆನ್ನುತ್ತಾನೆ. ಒಬ್ಬನ ಮಾತಿಗೆ ಇನ್ನೊಬ್ಬನು ಅಡ್ಡಬರುವುದಿಲ್ಲ. ಕಡೆಗೆ ಬೀಲ್ಜಿಬಬ್ಬನು ಮಾನವಲೋಕವನ್ನು ಕೆಡಿಸುವ ಸಲಹೆಯನ್ನು ಮುಂದಿಡಲು ಎಲ್ಲರೂ ಒಪ್ಪುತ್ತಾರೆ. ನಿಜವಾದ ಅವ್ಯವಸ್ಥೆಗೆ ಕವಿಯು ಬೇರೊಂದು ಎಡೆಯನ್ನು ಕಲ್ಪಿಸಿದ್ದಾನೆ. ಅದು ನರಕದ ಬಾಗಿಲಿನಾಚೆ, ಶೀತೋಷ್ಣಗಳು ಒಂದರೊಡನೊಂದು ಕಾದಾಡುವ ‘ಕೇಯಾಸ್’.

ಇಷ್ಟನ್ನೇ ನೋಡಿ ಮಿಲ್ಟನ್ನನು ಸೈತಾನನ ಸಭೆಯನ್ನು ಮೆಚ್ಚಿದನೆಂದು ತಿಳಿಯುವುದು ಆತುರದ ವಿಮರ್ಶೆಯಾದೀತು. ಬೀಲ್ಜಿಬಬ್ಬನು ಆಡಿದ ಸಲಹೆಯು ಮೊದಲು ಸೈತಾನನದೇ ಎಂದು ಕವಿಯು ಅಲ್ಲಿಯೇ ಸೂಚಿಸುತ್ತಾನೆ. ಆ ಕಾರ್ಯಕ್ಕೆ ತಾನೊಬ್ಬನೇ ಹೋಗುವೆನೆಂದು ಸಾರಿದ ಸೈತಾನನು, ಮತ್ತಾರೂ ಬಾಯಿ ತೆರೆಯದಂತೆ ಒಡನೆಯೇ ಎದ್ದುಬಿಡುತ್ತಾನೆ. ಚರ್ಚೆಯು ಸಾಂಗವಾಗಿ ನಡೆಯಿತು. ನಿರ್ಣಯವು ಮೊದಲೇ ಸಿದ್ಧವಾಗಿತ್ತು! 1649ರಿಂದ ಇಂಗ್ಲೆಂಡಿನ ಗಣರಾಜ್ಯದಲ್ಲಿ ಪರಭಾಷಾ ಕಾರ್ಯದರ್ಶಿಯಾಗಿದ್ದ ಕವಿಗೆ ರಾಜಸಭೆಗಳ ಒಳಹೊರಗು ತಿಳಿಯದುದಲ್ಲ.

ಹತ್ತೊಂಬತ್ತನೆಯ ಶತಮಾನದ ವೇಳೆಗೆ ಈ ಹೆಸರು ಬರಿಯ ಗದ್ದಲಕ್ಕೆ ಸಲ್ಲತೊಡಗಿತು. ಆ ಅರ್ಥದ ಬೀಜವು ಕಾವ್ಯದಲ್ಲಿ ಇಲ್ಲವೇ ಇಲ್ಲವೆನ್ನುವಂತಿಲ್ಲ. ಹತ್ತನೆಯ ಸರ್ಗದಲ್ಲಿ ಸೈತಾನನು ಗೆದ್ದು ಬಂದು ಜಯಘೋಷವನ್ನು ನಿರೀಕ್ಷಿಸುತ್ತಿರಲು, ಸಭೆಗೆ ಸಭೆಯೇ ಸರ್ಪವಾಗಿ ಬುಸುಗುಟ್ಟುತ್ತದೆ. ಆದರೆ ಆ ಸದ್ದು ಪಾಪವಲ್ಲ, ಪಾಪದ ಫಲ. ಪಾಪವು ನಡೆದುದು ಸದ್ದಿಲ್ಲದ, ಶಿಸ್ತಿನ ಸಭೆಯಲ್ಲಿ.

ಇದನ್ನು ಕನ್ನಡಿಸುವವರು ‘ಗೊಂದಲ’ವೆಂದರೆ ಇಂದಿನ ಅರ್ಥವೇನೋ ಬರುತ್ತದೆ, ಕವಿಯ ಅರ್ಥವು ಬಾರದು. ಅಂಬಾಭವಾನಿಯ ಮುಂದೆ ಗೊಂದಲಿಗರು ವಿಧಿಪೂರ್ವಕವಾಗಿ ನಡೆಸುವ ಸೇವೆಗೂ ಗೊಂದಲವೆಂದೇ ಹೆಸರಿರುವುದನ್ನು ನೆನೆದರೆ, ಗದ್ದಲದ ಹೆಸರಿನಲ್ಲಿಯೂ ಕ್ರಮವು ಅಡಗಿರಬಹುದೆಂಬುದು ಕನ್ನಡಿಗರಿಗೆ ಹೊಸತಲ್ಲ. ಮಿಲ್ಟನ್ನನ ಸಭೆಗೆ ‘ಸರ್ವಾಸುರಭವನ’ವೆಂಬಂತಹ ಹೆಸರೇ ಮೇಲು. ಗದ್ದಲವನ್ನು ಕೇಡೆಂದು ಗುರುತಿಸುವುದು ಸುಲಭ. ಕ್ರಮವನ್ನು ಕಂಡಾಗಲೂ ಅದು ಯಾವುದರ ಸೇವೆಗೆ ನಿಂತಿದೆಯೆಂದು ಕೇಳಬೇಕೆಂಬುದೇ ಈ ಶಬ್ದವು ಮರೆತ, ಕಾವ್ಯವು ಮರೆಯದ ಮಾತು.