ಸಮಾರ್ಯದವನ ಮಗು ಯಾವ ಬೆಂಚಿನಲ್ಲಿ?

ಕಾನ್ವೆಂಟು ಅನ್ನುವ ಪದವನ್ನೇ ಮೊದಲು ತಗೊಳ್ಳೋಣ. ಕನ್ಯಾಸ್ತ್ರೀಯರು ವಾಸಮಾಡುವ ಮಠ ಎಂಬುದು ಅದರ ಅರ್ಥ. ಬೆಂಗಳೂರಿನಲ್ಲಿ ಆ ಅರ್ಥ ಯಾರಿಗೂ ಬೇಕಾಗಿಲ್ಲ. ಟೈ ಕಟ್ಟಿಸಿ, ಬೂಟು ಹಾಕಿಸಿ, ಇಂಗ್ಲಿಷಿನಲ್ಲಿ ಪಾಠ ಹೇಳುವ ಶಾಲೆಯೆಲ್ಲ ಕಾನ್ವೆಂಟೇ. ಸಿಸ್ಟರುಗಳು ನಡೆಸಿದರೂ ಕಾನ್ವೆಂಟು, ಮನೆಯ ಮಹಡಿ ಮೇಲೆ ಮೂರು ಕೋಣೆ ಹಿಡಿದು ಗೌಡರೋ ಶಾಸ್ತ್ರಿಗಳೋ ನಡೆಸಿದರೂ ಕಾನ್ವೆಂಟು. ಒಂದು ಪದ ತನ್ನ ದೇವರನ್ನು ಕಳಕೊಂಡು ಬರೀ ಸಮವಸ್ತ್ರ ಉಳಿಸಿಕೊಂಡ ಕತೆ ಇದು. ಯಾರ ಮಗು ಗೇಟಿನ ಒಳಗೆ, ಯಾರ ಮಗು ಹೊರಗೆ ಎಂಬ ಪ್ರಶ್ನೆಯೂ ಈ ಕತೆಯೊಳಗೇ ಇದೆ.

ಜಯನಗರಕ್ಕೆ ಬನ್ನಿ. ೧೯೪೮ರಲ್ಲಿ ಹುಟ್ಟಿದ ಬಡಾವಣೆ. ಬ್ಲಾಕು, ಮೇನು, ಕ್ರಾಸು ಅಂತ ದಾರ ಹಿಡಿದು ಗೆರೆ ಎಳೆದ ಊರು. ಭೈರಸಂದ್ರ, ಯಡಿಯೂರು, ಸಾರಕ್ಕಿಯಂಥ ಹಳೆಯ ಹಳ್ಳಿಗಳು ಈಗ ಬಡಾವಣೆಗಳ ಹೊಟ್ಟೆಯೊಳಗೆ ಸೇರಿಹೋಗಿವೆ. ಕಾರ್ಮೆಲ್ ಕಾನ್ವೆಂಟಿನ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ನಾವು ಆ ಶಾಲೆಯ ಮೇಲಾಗಲಿ, ಇನ್ನೊಂದರ ಮೇಲಾಗಲಿ ದೂರು ಬರೆಯಲು ಕೂತಿಲ್ಲ. ಕ್ಯಾಥೊಲಿಕ್ ಪ್ರಾಥಮಿಕ ಶಾಲೆ ಎಂಬುದನ್ನೇ ಒಂದು ಕೃತಿ ಅಂತ ಇಟ್ಟುಕೊಂಡು ಓದಬೇಕೆಂದಿದ್ದೇವೆ. ನಮ್ಮ ಕವನ ಕಾದಂಬರಿಗಳಿಗಿಂತ ಹೆಚ್ಚು ಜನರ ಬದುಕನ್ನು ತಿದ್ದುವ ಕೃತಿ ಅದು. ಆದರೂ ಅದಕ್ಕೆ ವಿಮರ್ಶಕರಿಲ್ಲ.

ಮೊದಲು ಸಲ್ಲಬೇಕಾದ್ದು ಸಲ್ಲಿಸೋಣ. ಸತಾರೆಯ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ ಬೇರೆ ಕೂತಿದ್ದರು. ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಅದನ್ನು ನೆನೆದರೆ ಒಂದೇ ಬೆಂಚು, ಒಂದೇ ಬಟ್ಟೆ, ಹಾಜರಿ ಪುಸ್ತಕದಲ್ಲಿ ಒಂದೇ ಸಾಲು ಸಣ್ಣ ಸಂಗತಿಯಲ್ಲ. ಜೋತಿಬಾ ಫುಲೆ ಓದಿದ್ದು ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ. ಸಾವಿತ್ರಿಬಾಯಿ ಟೀಚರಾಗಲು ತರಬೇತಿ ಪಡೆದದ್ದು ಅಹಮದ್‌ನಗರದಲ್ಲಿ, ಮಿಷನರಿ ಹೆಣ್ಣುಮಗಳು ಸಿಂಥಿಯಾ ಫರಾರ್ ಹತ್ತಿರ. ಅವರು ಕ್ಯಾಥೊಲಿಕರಲ್ಲ, ಪ್ರಾಟೆಸ್ಟೆಂಟರು. ಇರಲಿ, ಅಗ್ರಹಾರ ಮುಚ್ಚಿದ ಬಾಗಿಲನ್ನು ಮಿಷನ್ನು ತೆರೆದದ್ದಂತೂ ನಿಜ. ಮತಾಂತರ ಮತಾಂತರ ಅಂತ ಕೂಗುವವರು ತಮ್ಮ ಮಕ್ಕಳ ಸೀಟಿಗೆ ಇದೇ ಗೇಟಿನ ಮುಂದೆ ಸಾಲು ನಿಲ್ಲುತ್ತಾರಲ್ಲ, ಅವರ ಜೊತೆ ನಮಗೆ ಮಾತಿಲ್ಲ.

ಆದರೆ ತೆರೆದ ಬಾಗಿಲು ಯಾರಿಗೆ ತೆರೆದಿತ್ತು? ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೇಂಟ್ ಜೋಸೆಫ್ ಶಾಲೆ ಶುರುವಾದದ್ದು ೧೮೫೮ರಲ್ಲಿ. ಮುಂದೆ ಅದು ಯುರೋಪಿಯನ್ನರ ಶಾಲೆಯಾಯಿತು. ಇಂಡಿಯನ್ ಹುಡುಗರಿಗೆ ಅಂತ ೧೯೦೪ರಲ್ಲಿ ಬೇರೆ ಶಾಲೆ. ಸಭೆ ಒಂದೇ, ಸಂತನೂ ಒಬ್ಬನೇ, ಗೇಟು ಮಾತ್ರ ಎರಡು. ಬಿಳಿಯರು ಹೋದರು. ಚರ್ಮ ನೋಡುತ್ತಿದ್ದ ಜಾಗದಲ್ಲಿ ಈಗ ಫೀಸಿನ ರಸೀದಿ ಬಂದಿದೆ. ಜಾತಿ ಕೇಳಬೇಕಾದ್ದೇ ಇಲ್ಲ. ರಸೀದಿಯೇ ಎಲ್ಲ ಹೇಳುತ್ತದೆ.

ಈಗ ತರಗತಿಯ ಒಳಗೆ ಹೋಗೋಣ. ಇಂಥ ಶಾಲೆಗಳಲ್ಲಿ ವಾರದಲ್ಲಿ ಒಂದೆರಡು ಪೀರಿಯಡ್ಡು ಕ್ಲಾಸು ಎರಡಾಗುತ್ತದೆ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ, ಉಳಿದವರು ಮಾರಲ್ ಸೈನ್ಸಿಗೆ. ಎರಡು ಕೋಣೆಗೂ ಸಲ್ಲುವ ಕತೆ ಒಂದಿದೆ: ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನ ಕತೆ. ದಾರಿಯಲ್ಲಿ ಕಳ್ಳರು ಒಬ್ಬನನ್ನು ಬಡಿದು ಬಿಸಾಕಿ ಹೋಗುತ್ತಾರೆ. ಯಾಜಕ ನೋಡಿ ಆಚೆ ಬದಿಗೆ ಸರಿದು ಹೋಗುತ್ತಾನೆ. ಲೇವಿಯೂ ಹಾಗೇ ಹೋಗುತ್ತಾನೆ. ಸಮಾರ್ಯದವನೊಬ್ಬ ನಿಂತು, ಗಾಯ ಕಟ್ಟಿ, ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಸೇರಿಸುತ್ತಾನೆ. ಮಾರಲ್ ಸೈನ್ಸಿನ ನೀತಿ ಏನು? ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕು. ಮಗು ಬರೆದುಕೊಳ್ಳುತ್ತದೆ, ಟೀಚರು ರೈಟ್ ಹಾಕುತ್ತಾರೆ, ಮುಗಿಯಿತು.

ಕತೆಯ ಜೀವ ತೆಗೆದದ್ದು ಇಲ್ಲೇ. ಸಮಾರ್ಯದವನು ಅಂದರೆ ದಯಾವಂತ ಶ್ರೀಮಂತ ಅಲ್ಲ. ಯೆಹೂದ್ಯರು ಸೇರಿಸದವನು, ಜೊತೆಯಲ್ಲಿ ಉಣ್ಣದವನು, ಮೈಲಿಗೆಯವನು. ನಮ್ಮ ಭಾಷೆಯಲ್ಲಿ ಹೇಳಬೇಕಾ? ಕೇರಿಯವನು. ಯಾಜಕನನ್ನು ಪೂಜಾರಿ ಅನ್ನಿ, ಲೇವಿಯನ್ನು ಗುಡಿಯ ಪರಿಚಾರಕ ಅನ್ನಿ, ಆಮೇಲೆ ಕತೆ ಓದಿ ನೋಡಿ. ಬಿದ್ದವನು ಮೇಲುಜಾತಿಯವನು, ಎತ್ತಿದವನು ಹೊಲೆಯ. ಯೇಸು ಕೇಳಿದ್ದು 'ನೀನು ದಾನ ಮಾಡುತ್ತೀಯಾ' ಅಂತ ಅಲ್ಲ. 'ಇವರಲ್ಲಿ ನೆರೆಯವನು ಯಾರು' ಅಂತ. ಅಂದರೆ ಮುಟ್ಟಿಸಿಕೊಳ್ಳದವನ ಕೈಯಿಂದ ಬದುಕು ಪಡೆಯಲು ನೀನು ತಯಾರೇ ಅಂತ. ಇಂಥ ಬೆಂಕಿಯನ್ನು ಕ್ರಿಸ್‌ಮಸ್ ಸಮಯದಲ್ಲಿ ಹಳೆ ಬಟ್ಟೆ ಕಟ್ಟಿ ಕೊಡುವ ಔದಾರ್ಯ ಮಾಡಿಬಿಟ್ಟರೆ ಬಡಾವಣೆಯ ಮಗು ತಾನೇ ಸಮಾರ್ಯದವನು ಅಂದುಕೊಳ್ಳುತ್ತದೆ. ನಿಜವಾದ ಸಮಾರ್ಯದವಳು ಆ ಹೊತ್ತಿಗೆ ಗೇಟಿನ ಹೊರಗೆ ಪೊರಕೆ ಹಿಡಿದಿರುತ್ತಾಳೆ. ಎಂಟು ಗಂಟೆಗೆ ಬೆಲ್ ಹೊಡೆಯುವ ಮೊದಲೇ ರಸ್ತೆ ಗುಡಿಸಿರುವ ಪೌರಕಾರ್ಮಿಕ ಹೆಂಗಸು. ಮಕ್ಕಳು ಬೂಟು ಕೊಳೆಯಾಗದೆ ಒಳಗೆ ಹೋಗುವುದು ಅವಳ ದೆಸೆಯಿಂದ. ನೆರೆಯವಳು ಯಾರು, ಹೇಳ್ರಪ್ಪ?

ಇನ್ನೊಂದು ಕತೆ ಯೋಹಾನನದು. ಬಾವಿಯ ಹತ್ತಿರ ಯೇಸು ಸಮಾರ್ಯದ ಹೆಂಗಸಿನ ಕೈಯಿಂದ ನೀರು ಕೇಳುತ್ತಾನೆ. ಅವಳಿಗೇ ದಿಗಿಲು: ನನ್ನ ಹತ್ತಿರ ನೀರು ಕೇಳುತ್ತೀಯಾ ಅಂತ. ೧೯೨೭ರ ಮಾರ್ಚ್ ೨೦ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ತುಂಬಿದ್ದು ಇದೇ ನೀರಿಗಾಗಿ. ಈ ಎರಡನ್ನೂ ಒಂದೇ ಪೀರಿಯಡ್ಡಿನಲ್ಲಿ ಹೇಳಿಕೊಟ್ಟರೆ ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಆದರೆ ಈಗ ಪ್ರತಿ ಮಗುವಿನ ಹೆಗಲಿನಲ್ಲೂ ಅದರದ್ದೇ ನೀರಿನ ಬಾಟಲಿ ನೇತಾಡುತ್ತದೆ. ಒಬ್ಬರ ಕೈಯಿಂದ ಒಬ್ಬರು ನೀರು ಕೇಳುವ ಸಂದರ್ಭವೇ ತಪ್ಪಿಹೋಯಿತು.

ಸಭೆಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ೨೦೧೬ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನವೇ ದಲಿತರ ಬಗ್ಗೆ ಒಂದು ನೀತಿಪತ್ರ ಹೊರಡಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದು, ನಮ್ಮ ಮಠಗಳು ಇನ್ನೂ ಅಷ್ಟು ದೂರ ಬಂದಿಲ್ಲ. ಆ ಕಡೆ ೧೯೫೦ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟನಲ್ಲ. ೧೯೫೬ರಲ್ಲಿ ಸಿಖ್ಖರನ್ನು, ೧೯೯೦ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನು ಬಿಟ್ಟರು. ಕರ್ನಾಟಕದಲ್ಲಿ ಅವನಿಗೆ ಹಿಂದುಳಿದ ಪ್ರವರ್ಗ ೧. ಹೀಗೆ ಸರ್ಕಾರ 'ನೀನು ದಲಿತ ಅಲ್ಲ' ಅನ್ನುತ್ತದೆ, ಪಕ್ಕದ ಪೀಠದಲ್ಲಿ ಕೂತವನು 'ನೀನು ದಲಿತನೇ' ಅನ್ನುತ್ತಾನೆ. ಭಾನುವಾರ ಪೂಜೆಯಲ್ಲಿ ಮೊಣಕಾಲೂರುವ ಆ ಮನುಷ್ಯನ ಮಗು ಸೋಮವಾರ ಯಾವ ಶಾಲೆಗೆ ಹೋಗುತ್ತದೆ? ಪ್ರತಿ ಚರ್ಚೂ ತನ್ನ ಆವರಣದ ಶಾಲೆಯನ್ನು ಈ ಒಂದು ಪ್ರಶ್ನೆ ಕೇಳಲಿ.

ಈಗ ಭಾಷೆಯ ಮಾತು. ಕಾನ್ವೆಂಟು ಅಂದ ಕೂಡಲೇ ನಮ್ಮ ಸಾಹಿತಿಗಳಿಗೆ ನೆನಪಾಗುವುದು ಕನ್ನಡ ಒಂದೇ. ೧೯೭೩ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು, ನಮ್ಮ ಹುಡುಗರು ಇಂಗ್ಲಿಷ್ ಕಲಿಯಲಿ ಅಂದರು. ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು, ಅವರ ಮಂತ್ರಿ ಪದವಿ ಹೋಯಿತು. ೨೦೧೦ರಲ್ಲಿ ದೇವನೂರ ಮಹಾದೇವ ಅವರು ಪ್ರಾಥಮಿಕ ಶಿಕ್ಷಣ ಕನ್ನಡದಲ್ಲೇ ಆಗಲಿ ಅಂತ ನೃಪತುಂಗ ಪ್ರಶಸ್ತಿಯನ್ನು ನಿರಾಕರಿಸಿದರು. ಇಬ್ಬರೂ ನಮ್ಮವರೇ. ಇಬ್ಬರ ಮಾತೂ ಒಂದೇ ಹಸಿವಿನಿಂದ ಬಂದದ್ದು: ಎಲ್ಲ ಮಕ್ಕಳಿಗೂ ಒಂದೇ ಶಾಲೆ ಸಿಗಲಿ ಎಂಬ ಹಸಿವು. ಅದನ್ನು ಬಿಟ್ಟು ಬರೀ ಮಾಧ್ಯಮದ ಜಗಳವಾಡಿದರೆ ಗೆಲ್ಲುವವರು ಎರಡೂ ಭಾಷೆ ಕೊಂಡುಕೊಳ್ಳಬಲ್ಲವರು.

೨೦೧೪ರ ಮೇ ೬ ನೆನಪಿದೆಯೇ? ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಂದು ಎರಡು ತೀರ್ಪು ಕೊಟ್ಟಿತು. ಒಂದು, ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲೇ ಕಲಿಸಿ ಅಂತ ೧೯೯೪ರಲ್ಲಿ ನಮ್ಮ ಸರ್ಕಾರ ಮಾಡಿದ ನೀತಿಯನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ. ಇನ್ನೊಂದು, ೨೦೦೯ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಬಡ ಮಕ್ಕಳಿಗೆ ನೂರಕ್ಕೆ ೨೫ ಸೀಟಿನ ಕಟ್ಟಳೆ ಅಲ್ಲಿಲ್ಲ. ಮೊದಲ ತೀರ್ಪಿಗೆ ಕನ್ನಡನಾಡು ಕಣ್ಣೀರಿಟ್ಟಿತು. ಎರಡನೆಯದಕ್ಕೆ ಅತ್ತವರು ಎಷ್ಟು ಮಂದಿ? ೨೦೧೯ರಲ್ಲಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಉಳಿದ ಖಾಸಗಿ ಶಾಲೆಗಳಲ್ಲೂ ಆ ಸೀಟು ಇಲ್ಲ ಅಂತ ರಾಜ್ಯ ಸರ್ಕಾರವೇ ನಿಯಮ ತಿದ್ದಿತು. ಆಗಲೂ ಸದ್ದಿಲ್ಲ. ಬಾಗಿಲು ಹಾಕಿದ್ದು ಪಾದ್ರಿಗಳೊಬ್ಬರೇ ಅಲ್ಲ ಎಂಬುದನ್ನೂ ಬರೆದಿಡಬೇಕು. ೨೦೨೫ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡನೆಯ ತೀರ್ಪಿನ ಬಗ್ಗೆ ಸಂಶಯ ಎತ್ತಿ, ಅದನ್ನು ದೊಡ್ಡ ಪೀಠ ನೋಡಲಿ ಎಂದರು.

ಅಲ್ಪಸಂಖ್ಯಾತರ ಹಕ್ಕು ನಮಗೆ ಬೇಡದ್ದಲ್ಲ. ಸಂವಿಧಾನದ ೩೦ನೇ ವಿಧಿ ಹೋದರೆ ಕ್ರೈಸ್ತರ, ಮುಸಲ್ಮಾನರ ಶಾಲೆಯ ಮೇಲೆ ಯಾರು ಬಂದು ಕೂರುತ್ತಾರೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಆ ಹಕ್ಕಿಗಾಗಿ ನಾವು ಅವರ ಜೊತೆ ಬೀದಿಗೆ ಬರುತ್ತೇವೆ. ಆದರೆ ಕೋರ್ಟು ಹೇಳಿದ್ದು, ಸೇರಿಸಿಕೊಳ್ಳಬೇಕೆಂಬ ಕಡ್ಡಾಯವಿಲ್ಲ ಅಂತ. ಸೇರಿಸಿಕೊಳ್ಳಬಾರದು ಅಂತ ಎಲ್ಲಿ ಹೇಳಿದೆ?

ನಮ್ಮವರನ್ನೂ ಬಿಡುವಂತಿಲ್ಲ. ವೇದಿಕೆಯಲ್ಲಿ ಕನ್ನಡ ಶಾಲೆಗಾಗಿ ಗುಡುಗಿ, ಮನೆಯ ಮಕ್ಕಳನ್ನು ಬೆಳಿಗ್ಗೆ ಕಾನ್ವೆಂಟಿನ ವ್ಯಾನು ಹತ್ತಿಸುವ ಬಂಡಾಯದವರು ನಮ್ಮಲ್ಲೇ ಇದ್ದಾರೆ. ಮಕ್ಕಳನ್ನು ಅಲ್ಲಿಗೆ ಕಳಿಸಿದ್ದು ತಪ್ಪಲ್ಲ. ಒಳಗೆ ಹೋದ ಮೇಲೆ ಹಿಂದೆ ತಿರುಗಿ, ಗೇಟಿನ ಆಚೆ ನಿಂತ ಮಗುವಿನ ಬಗ್ಗೆ ಪೇರೆಂಟ್ಸ್ ಮೀಟಿಂಗಿನಲ್ಲಿ ಒಂದು ಮಾತೂ ಎತ್ತದೆ ಬರುವುದು ತಪ್ಪು.

ಶಾಲೆ ನಡೆಸುವ ಸಿಸ್ಟರುಗಳಿಗೆ ನಮ್ಮ ಮಾತು ಇಷ್ಟೇ. ಹೊಸ ಪಠ್ಯ ಬೇಡ, ನಿಮ್ಮ ಪುಸ್ತಕದಲ್ಲಿರುವ ಆ ಎರಡು ಕತೆಗಳೇ ಸಾಕು. ಆದರೆ ಪೂರ್ತಿ ಓದಿ, ಜಾತಿ ಬಿಟ್ಟು ಓದಬೇಡಿ. ಓದಿ ಮುಗಿಸಿ ಗೇಟಿನ ಹತ್ತಿರ ಬನ್ನಿ. ರಸ್ತೆ ಗುಡಿಸುವ ಆ ತಾಯಿಯ ಮಗುವನ್ನು ಒಂದನೇ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂರಿಸಿ, ದಾನ ಅಂತ ಹೇಳದೆ. ಅವಳು ಕೊಟ್ಟ ನೀರನ್ನು ನೀವು ಕುಡಿಯಿರಿ. ಕಾನ್ವೆಂಟು ಅನ್ನುವ ಪದಕ್ಕೆ ಅಂದು ಅದರ ದೇವರು ವಾಪಸು ಬರುತ್ತಾನೆ.